ಹನ್ನೊಂದು ಗಂಟೆಗೆ ಸಿಗದವರು

ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿ ಅವರ ಸಂಬಳ ಎಷ್ಟೆಂದು ಕೇಳುವುದು ಬೆಳಿಗ್ಗೆ ಹನ್ನೊಂದಕ್ಕೇ ಎಂದು ಹೆಡ್ ಕ್ಲರ್ಕ್ ಕಟ್ಟಪ್ಪಣೆ ಮಾಡಿದ್ದರು. ಮೂರು ಸಲ ಮಾಡಿಯೂ ಎತ್ತದಿದ್ದರೆ 'ಸಿಗಲಿಲ್ಲ' ಎಂದು ಬರೆದು ಮುಂದಿನ ಹೆಸರು. ತಾನು ಡಿಪ್ಲೊಮಾ ಮುಗಿಸಿದ ಕಾಲೇಜಿನಲ್ಲೇ ತಾತ್ಕಾಲಿಕ ಗುಮಾಸ್ತೆಯಾಗಿದ್ದ ಅವಳಿಗೆ ಈ ಹನ್ನೊಂದರ ಗುಟ್ಟು ತಿಳಿಯಲು ಒಂದು ವಾರ ಹಿಡಿಯಿತು. ಆ ಹೊತ್ತಿಗೆ ಫೋನು ಎತ್ತುವವರು ಮೇಜಿನ ಮುಂದೆ ಕೂತವರು. ಲೇತ್ ಯಂತ್ರದ ಮುಂದೆ ನಿಂತವರ ಫೋನು ಕಾರ್ಖಾನೆಯ ಗೇಟಿನಲ್ಲೇ ಬಿದ್ದಿರುತ್ತದೆ.

"ಸಂಜೆ ಮಾಡಿದ್ರೆ ಇವರೂ ಸಿಗ್ತಾರೆ ಸಾರ್."

"ಸಿಗ್ತಾರಮ್ಮ, ಸಿಕ್ಕಿ ಸರಾಸರೀನ ನೆಲಕ್ಕೆ ಎಳೀತಾರೆ. ನಿನ್ನ ಹೆಸರೂ ಪಟ್ಟೀಲಿದೆ ನೋಡು. ಸಿಗಲಿಲ್ಲ ಅಂತ ಬರ್ಕೋ."

ಅವಳು ನಕ್ಕಳು. ಬರೆದುಕೊಂಡಳು ಕೂಡ. ನೂರಿಪ್ಪತ್ತು ಜನರಲ್ಲಿ ಮೂವತ್ತೆಂಟು ಮಂದಿ ಸಿಕ್ಕರು. ಸರಾಸರಿ ಸಂಬಳ ನಲವತ್ತೆರಡು ಸಾವಿರ ಎಂದು ಕಾಲೇಜಿನ ಪುಸ್ತಿಕೆಯ ಮುಖಪುಟದಲ್ಲಿ ಅಚ್ಚಾಯಿತು. ಅವಳದು ಹದಿನಾಲ್ಕು, ಅದರಲ್ಲಿ ಆರು ಓದಿನ ಸಾಲದ ಕಂತಿಗೆ ಹೋಗುತ್ತಿತ್ತು.

ಒಂದು ಸಂಜೆ ಮನೆಗೆ ಬಂದರೆ ಅದೇ ಪುಸ್ತಿಕೆ ಅಪ್ಪನ ಹೊಲಿಗೆ ಮೆಷಿನ್ನಿನ ಮೇಲಿತ್ತು. ಪಕ್ಕದಲ್ಲಿ, ಅದೇ ಕಾಲೇಜಿಗೆ ಸೇರಲು ತಂಗಿಯ ಹೆಸರಿನ ಸಾಲದ ಅರ್ಜಿ. ನಾಳೆಯೇ ಕೊನೆಯ ದಿನ. ಅಪ್ಪ ಕನ್ನಡಕ ಏರಿಸಿಕೊಂಡು, ಜಾಮೀನುದಾರ ಸಹಿ ಹಾಕುವ ಜಾಗ ಹುಡುಕುತ್ತಿದ್ದ.

"ನಿಂದೇನೋ ಗ್ರಹಚಾರ ಮಗಳೇ, ಹಾಗಾಯ್ತು. ಇವಳದ್ದು ಹಾಗಾಗಲ್ಲ. ಅಚ್ಚು ಹಾಕ್ಸಿದಾರಲ್ಲ, ಸುಳ್ಳು ಹೇಳ್ತಾರಾ?"

ಎರಡು ವರ್ಷ ಅವಳೂ ಹಾಗೇ ನಂಬಿದ್ದಳು, ತನ್ನೊಬ್ಬಳಿಗೇ ಹೀಗಾಯಿತು ಎಂದು.

"ಅಪ್ಪಾ, ಆ ಲೆಕ್ಕ ಮಾಡಿದ್ದು ನಾನೇ," ಎಂದು ಹನ್ನೊಂದರ ಸಂಗತಿಯನ್ನೆಲ್ಲ ಹೇಳಿದಳು.

ತಂಗಿ ಮುಖ ಕೆಂಪಗೆ ಮಾಡಿಕೊಂಡಳು. "ನೀನು ಓದಿದ್ದಾಯ್ತು, ಈಗ ನಂಗೆ ಅಡ್ಡಗಾಲು! ಹೊಟ್ಟೆಕಿಚ್ಚು ಕಣೇ ನಿಂಗೆ."

ಅವಳು ಚೀಲದಿಂದ ಸಿಗದವರ ಪಟ್ಟಿ ತೆಗೆದಳು. ಹೊರಗೆ ತಂದದ್ದು ಗೊತ್ತಾದರೆ ಇರುವ ಕೆಲಸಕ್ಕೂ ಕುತ್ತು.

"ಏಳು ಗಂಟೆ. ಶಿಫ್ಟ್ ಬಿಟ್ಟಿರುತ್ತೆ. ನೀನೇ ಕೇಳು."

ತಂಗಿ ಹಟಕ್ಕೆ ಬಿದ್ದು ಮೊದಲ ನಂಬರು ಒತ್ತಿದಳು.

"ಕಾಲೇಜಿಂದಾನಾ? ನನ್ನ ಫೀಸೇನೂ ಬಾಕಿ ಇಲ್ವಲ್ಲ!" ಎಂದಿತು ಸುಸ್ತಾದ ಗಂಡುದನಿ. ಸಂಬಳ ಎಷ್ಟೆಂದು ತಂಗಿ ಕೇಳಿದಾಗ ಅವನು ಸುರಿಯುತ್ತಿದ್ದ ನಲ್ಲಿ ನಿಲ್ಲಿಸಿದ. "ಹದಿಮೂರು. ಓವರ್‌ಟೈಮ್ ಸಿಕ್ರೆ ಹದಿನೈದು. ಯಾಕಮ್ಮಾ, ಎಲ್ಲಾದ್ರೂ ಜಾಸ್ತಿ ಕೊಡ್ತಾರಂತಾ?"

ಎರಡನೆಯವನು ಹನ್ನೊಂದು ಎಂದ. ಮೂರನೆಯವಳು ಸಂಬಳ ಹೇಳದೆ, ಕಂತು ಮುಂದೂಡಲು ಯಾರನ್ನು ಕಾಣಬೇಕು ಎಂದು ಕೇಳಿದಳು. ತಂಗಿ ಪುಸ್ತಿಕೆಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತ ಹೋದಳು. ಒಂಬತ್ತನೆಯ ಕರೆ ಮುಗಿದಾಗ ಫೋನು ಕೆಳಗಿಟ್ಟಳು.

ಅಪ್ಪ ಸಹಿ ಹಾಕದ ಅರ್ಜಿಯನ್ನು ಎರಡಾಗಿ ಮಡಚಿದ.

"ಹಾಗಾದ್ರೆ ನಾನೇನು ಓದ್ಲಿ ಅಕ್ಕಾ?" ತಂಗಿಯ ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಸಿಗದವರ ಪಟ್ಟಿಯನ್ನು ಮತ್ತೆ ಚೀಲಕ್ಕೆ ಹಾಕಿದಳು. ಕುರ್ಚಿ ಎಳೆದುಕೊಂಡು ತಂಗಿಯ ಪಕ್ಕ ಕೂತಳು.