ರದ್ದಾದ ನಂಬರ್ ನಲವತ್ತೇಳು

ಚಿತ್ರಾಗೆ ರಿಲೀವರ್ ಇರಲಿಲ್ಲ. ಬೆಳಗಿನ ಆರಕ್ಕೆ ಶುರುವಾದ ಅವಳ ಡ್ಯೂಟಿ ಮಧ್ಯಾಹ್ನ ಎರಡಕ್ಕೆ ಮುಗಿದಿತ್ತು. ಎರಡು ಹತ್ತಾದರೂ ಮುಂದಿನ ಪಾಳಿಯ ರಾಮಮೋಹನ್ ಬಂದಿರಲಿಲ್ಲ. ಅವನು ಬಂದು ಪುಸ್ತಕದಲ್ಲಿ ಸಹಿ ಹಾಕುವವರೆಗೆ ಅವಳು ಕುರ್ಚಿ ಬಿಟ್ಟು ಹೋಗುವಂತಿಲ್ಲ. ಬಚ್ಚಲಿಗೆ ಹೋಗಬೇಕಾದರೂ ಎರಡು ಗಾಡಿಗಳ ನಡುವಿನ ಬಿಡುವು ನೋಡಬೇಕು.

ಗುಂಡ್ಲಪಾಡು ವಿಜಯವಾಡದಿಂದ ಇಬ್ರಾಹಿಂಪಟ್ನಂ ದಾಟಿದ ಮೇಲೆ ಸಿಗುವ ಚಿಕ್ಕ ಸ್ಟೇಷನ್. ಎರಡು ಪ್ಲಾಟ್‌ಫಾರ್ಮ್, ಒಂದು ಬೇವಿನ ಮರ, ಕಿಟಕಿಯ ಸರಳಿನ ಮೇಲೆ ಎಷ್ಟು ಒರೆಸಿದರೂ ಹೋಗದ ಕಲ್ಲಿದ್ದಲ ಪುಡಿ. ಆರು ವರ್ಷದಿಂದ ಚಿತ್ರಾ ಇಲ್ಲಿನ ಸ್ಟೇಷನ್ ಮ್ಯಾನೇಜರುಗಳಲ್ಲಿ ಒಬ್ಬಳು. ಗಂಡ ಗುರುದತ್ ವಿಶಾಖಪಟ್ಟಣದಲ್ಲಿ, ಮಧುರವಾಡದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಇಬ್ಬರೂ ಕೊಪ್ಪಳದವರು. ಮದುವೆಯಾಗಿ ಎರಡು ವರ್ಷವಾಗಿತ್ತು. ಒಂದೇ ಮನೆಯಲ್ಲಿ ಇದ್ದದ್ದು ರಜೆಯ ದಿನಗಳಲ್ಲಿ ಮಾತ್ರ.

ಆ ದಿನ ನಾಲ್ಕೂವರೆಯೊಳಗೆ ಅವಳು ವಿಜಯವಾಡದ ಕಚೇರಿಯಲ್ಲಿ ಇರಬೇಕಿತ್ತು. ಸಿಂಹಾಚಲಂ ಕಡೆಯ ಸ್ಟೇಷನ್ನೊಂದರಲ್ಲಿ ಇದೇ ಕೆಲಸ ಮಾಡುತ್ತಿದ್ದ ಜಗನ್ಮೋಹನ್ ಅವಳ ಜಾಗಕ್ಕೆ ಬರುವುದು, ಅವಳು ಅವನ ಜಾಗಕ್ಕೆ ಹೋಗುವುದು ಎಂದು ಮಾತಾಗಿತ್ತು. ಅದಲುಬದಲು ವರ್ಗಾವಣೆಗೆ ಇಬ್ಬರೂ ಎದುರಿಗೇ ಸಹಿ ಹಾಕಬೇಕು. ಹನ್ನೊಂದು ತಿಂಗಳು ಹುಡುಕಿದ ಮೇಲೆ ಸಿಕ್ಕ ಮನುಷ್ಯ. ಬೆಳಗಿನ ಗಾಡಿಗೆ ಬಂದು ಕಚೇರಿಯ ಬೆಂಚಿನ ಮೇಲೆ ಕೂತಿದ್ದ. ಸಂಜೆ ಆರಕ್ಕೆ ವಾಪಸು. ಅವಳು ಬರದಿದ್ದರೆ ಭಾನುಪ್ರಕಾಶ್ ಎಂಬ ಇನ್ನೊಬ್ಬ ಅವನ ಜೊತೆ ಬದಲಾಯಿಸಿಕೊಳ್ಳಲು ತಯಾರಿದ್ದ.

ಗುರುದತ್ ಮೂರನೇ ಸಲ ಫೋನ್ ಮಾಡಿದ.

"ಹೊಂಟಿಯೇನು?"

"ಎಲ್ಲಿ ಹೊಂಡ್ಲಿ? ರಾಮಮೋಹನ್ ಬಂದಿಲ್ಲ. ಗೇಟಿನ್ಯಾಗ ಸಿಕ್ಕೊಂಡಾನ."

"ಯಾವ ಗೇಟು?"

"ನಂದ ಗೇಟು."

"ನಿನ್ನ ಗೇಟಂದ್ರ ನೀನ ತೆಗಿ ಮತ್ತ."

"ತೆಗೆದ್ರ ಎಕ್ಸ್‌ಪ್ರೆಸ್ ನಿಂದರ್ತದ, ಮುಚ್ಚಿದ್ರ ರಾಮಮೋಹನ್ ನಿಂದರ್ತಾನ. ಇಡು ಫೋನು."

ಅದು ತಮಾಷೆಯಲ್ಲ. ಸ್ಟೇಷನ್ನಿನಿಂದ ಮುಕ್ಕಾಲು ಕಿಲೋಮೀಟರ್ ಮುಂದಿರುವ ರೈಲ್ವೆ ಗೇಟಿನ ಅಡ್ಡಕಂಬವನ್ನು ಒಂದೂ ಇಪ್ಪತ್ತಕ್ಕೆ ವಿದ್ಯುತ್ ಸ್ಥಾವರದ ಬೂದಿ ತುಂಬಿದ ಲಾರಿಯೊಂದು ಗುದ್ದಿ ಮುರಿದಿತ್ತು. ಗೇಟು ಬೀಳದಿದ್ದರೆ ಸಿಗ್ನಲ್ ಹಸಿರಾಗುವುದಿಲ್ಲ. ಅಂಥ ಹೊತ್ತಿನಲ್ಲಿ ಗೇಟ್‌ಮ್ಯಾನ್ ರಸ್ತೆಯ ಎರಡೂ ಕಡೆ ಸರಪಳಿ ಕಟ್ಟಿ, ಬೀಗ ಹಾಕಿ, ಸ್ಟೇಷನ್ನಿಗೆ ಫೋನಿನಲ್ಲಿ ಎರಡಂಕಿಯ ಒಂದು ಪ್ರೈವೇಟ್ ನಂಬರ್ ಹೇಳಬೇಕು. ಅವನ ಹತ್ತಿರ ಅಂಥ ನಂಬರುಗಳ ಒಂದು ಹಾಳೆ ಇರುತ್ತದೆ. ಒಂದನ್ನು ಒಂದೇ ಸಲ ಬಳಸಬೇಕು, ಹೇಳಿದ ಕೂಡಲೇ ಗೀಟು ಎಳೆಯಬೇಕು. ನಂಬರ್ ಹೇಳಿದ ಎಂದರೆ ರಸ್ತೆ ಮುಚ್ಚಿದೆ ಎಂದು ಆಣೆ ಮಾಡಿದ ಹಾಗೆ. ಅದನ್ನು ಬರೆದುಕೊಂಡ ಮೇಲೆ ಸ್ಟೇಷನ್ ಮ್ಯಾನೇಜರ್ ಕೆಂಪು ಸಿಗ್ನಲ್ ದಾಟಲು ಚಾಲಕನಿಗೆ ಚೀಟಿ ಕೊಡುತ್ತಾರೆ.

ಹೀಗೆಯೇ ಎರಡು ಗೂಡ್ಸ್ ಕಳಿಸಿದ್ದಳು. ಎರಡು ಗಂಟೆ ಹದಿನೈದಕ್ಕೆ ಎಕ್ಸ್‌ಪ್ರೆಸ್ ಬಂದು ಎದುರಿಗೇ ನಿಂತಿತು. ಇಲ್ಲಿ ನಿಲ್ಲುವ ಗಾಡಿಯಲ್ಲ. ಜನ ಇಳಿದು ಬೇವಿನ ನೆರಳಿಗೆ ಬಂದರು. ಲುಂಗಿಯ ಒಬ್ಬ ಕಿಟಕಿಗೆ ಮುಖವಿಟ್ಟು, "ಏನ್ ಮೇಡಂ, ಊಟದ ಟೈಮಾ?" ಎಂದ. ಅವಳು ಅವನ ಕಡೆ ನೋಡಲಿಲ್ಲ. ಗಾಡಿಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್ ಕಚೇರಿ ಪ್ರತಿ ಮೂರು ನಿಮಿಷಕ್ಕೆ ಫೋನಿನಲ್ಲಿ ಕೂಗುತ್ತಿತ್ತು. ಅವಳು ಕೂತಳು, ಎದ್ದಳು, ಗಡಿಯಾರ ನೋಡಿದಳು, ಗೇಟಿಗೆ ಫೋನ್ ತಿರುಗಿಸಿದಳು.

ಗೇಟ್‌ಮ್ಯಾನ್ ಮಣಿಕಂಠನಿಗೆ ಐವತ್ತೆರಡು ವರ್ಷ. ಹಳಿ ರಿಪೇರಿ ಗ್ಯಾಂಗಿನಿಂದ ಬಂದವನು. ಫೋನಿನಲ್ಲಿ ಅವನಿಗಿಂತ ಹಾರ್ನುಗಳೇ ಜೋರಾಗಿದ್ದವು.

"ಕಟ್ಟೋಕೆ ಬಿಡ್ತಿಲ್ಲ ಮೇಡಂ ಗಾರು. ಸರಪಳಿ ಎತ್ತಿದರೆ ಕೆಳಗೆ ನುಸೀತಾರೆ. ನಮ್ಮಪ್ಪನ ಮದುವೆಗೂ ಇಷ್ಟು ಜನ ಬಂದಿರಲಿಲ್ಲ."

"ರಾಮಮೋಹನ್ ಸಾರ್ ಅಲ್ಲಿದಾರಾ?"

"ಆಚೆ ಕಡೆ ಲಾರಿಗಳ ಹಿಂದೆ ಸಿಕ್ಕೊಂಡು, ಬೈಕಿನ ಮೇಲೆ ಕೂತು ಬೈತಿದಾರೆ."

"ಅವರನ್ನ ಹೇಗಾದರೂ ಬೇಗ ಈಚೆ ಕಳಿಸಿ ಮಣಿಕಂಠಗಾರು. ನಾನು ವಿಜಯವಾಡಕ್ಕೆ ಹೋಗಲೇಬೇಕು."

"ನಿಮ್ಮ ವೈಜಾಗ್ ವರ್ಗಾವಣೆ ಕಾಗದ ಕದಾ? ನೋಡ್ತೀನಮ್ಮಾ."

ಎರಡೂ ಮೂವತ್ತೊಂದಕ್ಕೆ ಅವನೇ ಫೋನ್ ಮಾಡಿದ. "ಮುಚ್ಚಿದೆ. ನಂಬರ್ ನಲವತ್ತೇಳು." ಅವಳು ಬರೆದುಕೊಂಡಳು, ಚೀಟಿಗೆ ಸಹಿ ಹಾಕಿದಳು, ಪಾಯಿಂಟ್ಸ್‌ಮನ್ ಸಾಯಿತೇಜನ ಕೈಗೆ ಕೊಟ್ಟಳು. ಅವನು ಇಂಜಿನ್ನಿನ ಕಡೆ ಓಡಿದ. ಇಳಿದಿದ್ದವರು ಬೈದುಕೊಂಡು ಹತ್ತಿದರು.

ಎರಡೂ ಮೂವತ್ತಾರಕ್ಕೆ ರಾಮಮೋಹನ್ ಒಳಗೆ ಬಂದ. ಹೆಲ್ಮೆಟ್ ಮೇಜಿನ ಮೇಲಿಟ್ಟು ಪೆನ್ ತೆಗೆದ.

"ಎಲ್ಲಿ ಸಹಿ? ಹೋಗಮ್ಮ ತಾಯಿ, ಹೋಗು. ಇನ್ನೂ ಎರಡು ಗಂಟೆ ಇದೆ."

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದಳು. "ಯಾವಾಗ ದಾಟಿದಿರಿ?"

"ಈಗ ತಾನೆ. ಎರಡು ನಿಮಿಷ ಆಯ್ತು. ಮಣಿಕಂಠ ಒಳ್ಳೆಯವನು, ನನಗೋಸ್ಕರ ಬೀಗ ತೆಗೆದು ಸರಪಳಿ ಇಳಿಸಿದ. ನನ್ನ ಹಿಂದೆ ಎರಡು ಆಟೋನೂ ನುಗ್ಗಿದವು, ಕಳ್ಳ ನನ್ಮಕ್ಕಳು."

ಅವಳು ಗಡಿಯಾರ ನೋಡಿದಳು, ಪುಸ್ತಕ ನೋಡಿದಳು: ನಲವತ್ತೇಳು, ಎರಡೂ ಮೂವತ್ತೊಂದು. ಹೊರಗೆ ಇಂಜಿನ್ ಹಾರ್ನ್ ಹಾಕಿತು. ಗೇಟಿನ ಫೋನ್ ತಿರುಗಿಸಿದಳು. ಯಾರೂ ಎತ್ತಲಿಲ್ಲ. ಕಿಟಕಿಯಾಚೆ ಬೋಗಿಗಳು ಸರಿಯತೊಡಗಿದವು.

ಅವಳು ವಾಕಿಟಾಕಿ ಎತ್ತಿಕೊಂಡಳು. "ಗುಂಡ್ಲಪಾಡು ಸ್ಟೇಷನ್ ಮ್ಯಾನೇಜರ್. ಗಾಡಿ ನಿಲ್ಲಿಸಿ. ಚೀಟಿ ರದ್ದು. ಈಗಲೇ ನಿಲ್ಲಿಸಿ."

ಎರಡು ಬೋಗಿಯಷ್ಟು ದೂರ ಹೋಗಿ ಗಾಡಿ ನಿಂತಿತು. ಒಳಗಿದ್ದವರು ಒಟ್ಟಾಗಿ ಕೂಗಿದರು.

ರಾಮಮೋಹನ್ ಪೆನ್ ಕೆಳಗಿಟ್ಟ. "ತಲೆ ಕೆಟ್ಟಿದೆಯಾ? ಅವನು ಹದಿನೈದರ ಸ್ಪೀಡಲ್ಲಿ ಹೋಗ್ತಾನೆ. ಎದುರಿಗೆ ಏನಾದರೂ ಕಂಡರೆ ನಿಲ್ಲಿಸ್ತಾನೆ."

"ಕಂಡರೆ."

"ಅಷ್ಟರಲ್ಲಿ ಮಣಿಕಂಠ ಕಟ್ಟಿರ್ತಾನೆ."

"ಹಾಗಾದರೆ ಫೋನ್ ಯಾಕೆ ಎತ್ತುತ್ತಿಲ್ಲ?"

ಎರಡೂ ನಲವತ್ತಕ್ಕೆ ಮಣಿಕಂಠ ಫೋನ್ ಎತ್ತಿದ. ಏದುಸಿರು ಬಿಡುತ್ತಿದ್ದ. ಆಟೋಗಳ ಹಿಂದೆ ಒಂದು ಲಾರಿಯೂ ಬಂದು ಹಳಿಯ ಮೇಲೆ ನಿಂತುಬಿಟ್ಟಿತ್ತು, ಮುಂದೆ ಜಾಗವಿಲ್ಲ, ಹಿಂದೆಯೂ ಇಲ್ಲ. ಅದನ್ನು ತೆಗೆಸಲು ಹತ್ತು ನಿಮಿಷ ಹಿಡಿಯಿತು. ಎರಡೂ ಐವತ್ತೆರಡಕ್ಕೆ ಹೊಸ ನಂಬರ್ ಬಂತು, ಎಂಬತ್ತೆರಡು. ಎರಡೂ ಐವತ್ತೈದಕ್ಕೆ ಎಕ್ಸ್‌ಪ್ರೆಸ್ ಹೋಯಿತು. ಗೇಟಿನ ಹತ್ತಿರ ಯಾರಿಗೂ ಏನೂ ಆಗಲಿಲ್ಲ.

ಕಂಟ್ರೋಲ್ ಕೇಳಿತು, "ಯಾಕೆ ನಿಲ್ಲಿಸಿದ್ರಿ? ಕಾರಣ ಹೇಳಿ."

"ಬರೆದು ಹೇಳ್ತೀನಿ ಸರ್," ಎಂದಳು.

ರಾಮಮೋಹನ್ ಪುಸ್ತಕ ತನ್ನ ಕಡೆ ತಿರುಗಿಸಿಕೊಂಡ. "ಇಲ್ಲಿ ಕೇಳು. ನಲವತ್ತೇಳಕ್ಕೆ ಗೀಟು ಎಳೆ. ಕೇಳಿಸಿಕೊಳ್ಳೋದರಲ್ಲಿ ತಪ್ಪಾಯ್ತು, ಅನುಮಾನ ಬಂತು, ನಿಲ್ಲಿಸಿದೆ ಅಂತ ಬರಿ. ಹುಷಾರಾಗಿದ್ದಳು ಅಂತಾರೆ, ಅಷ್ಟೆ. ನಾನು ದಾಟಿದ್ದು ನಂಬರಿಗೆ ಮುಂಚೆ. ಮುಗೀತು. ನೀನು ಮೂರೂಕಾಲಿಗೆ ಹೊರಟರೂ ನಾಲ್ಕಕ್ಕೆ ವಿಜಯವಾಡ."

ಗೇಟಿನ ಫೋನ್ ಹೊಡೆದುಕೊಂಡಿತು.

"ಮೇಡಂ ಗಾರು, ಸಾರ್ ಆಗಲೇ ನನ್ನ ಮೊಬೈಲಿಗೆ ಫೋನ್ ಮಾಡಿದ್ದರು, ಅವರು ಹೇಳಿದ ಹಾಗೇ ಬರೀರಮ್ಮಾ. ನನ್ನ ಕೆಲಸ ಹೋಗುತ್ತೆ. ನೀವೇ ಹೇಳಿದಿರಿ ಕದಾ, ಸಾರನ್ನ ಬೇಗ ಕಳಿಸು ಅಂತ. ನಿಮ್ಮ ರಿಲೀವರ್ ಅಂತ ಬಿಟ್ಟೆ. ಬೇರೆ ಯಾರಾದರೂ ಆಗಿದ್ದರೆ ಬಿಡ್ತಿದ್ನಾ?"

"ನಂಬರ್ ಕೊಟ್ಟ ಮೇಲೆ ಯಾಕೆ ತೆಗೆದಿರಿ?"

"ಒಂದೇ ಬೈಕು ಅಂದುಕೊಂಡೆ."

ಅವಳು ಫೋನ್ ಇಟ್ಟಳು.

"ಇಪ್ಪತ್ತಾರು ವರ್ಷ ಸರ್ವಿಸ್ ಅವನದು," ರಾಮಮೋಹನ್ ಹೇಳಿದ. "ಇಬ್ಬರಿಗೂ ಒಳ್ಳೇದಾಗೋ ದಾರಿ ಇದು. ನಿನ್ನ ಗಂಡನ ಮುಖ ನೋಡಬೇಕು ಅಂತ ಇಲ್ವಾ?"

"ನಾಳೆ ನಿಮ್ಮ ಪಾಳೀಲಿ ಇವರೇ ಫೋನ್ ಮಾಡಿ ಒಂದು ನಂಬರ್ ಹೇಳ್ತಾರೆ. ಬರೆದುಕೊಳ್ತೀರಾ?"

ಅವನು ಹೆಲ್ಮೆಟ್ಟನ್ನು ಮೇಜಿನಿಂದ ತೆಗೆದು ಬೀರುವಿನ ಮೇಲಿಟ್ಟ.

ಅವಳು ಬರೆದಳು. ನಲವತ್ತೇಳು ಬಂದ ಸಮಯ, ಅದಾದ ಮೇಲೆ ಗೇಟು ತೆರೆದದ್ದು, ಯಾರಿಗಾಗಿ ತೆರೆದದ್ದು. ರಿಲೀವರನ್ನು ಬೇಗ ಕಳಿಸಿ ಎಂದು ತಾನು ಹೇಳಿದ್ದನ್ನೂ ಬರೆದಳು. ಅದು ದೊಡ್ಡತನವಲ್ಲ. ಗೇಟಿನ ಫೋನಿನ ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ. ಅವಳು ಬಿಟ್ಟರೂ ಯಾರಾದರೂ ಕೇಳಿಸಿಕೊಂಡು ಬರೆಯುತ್ತಿದ್ದರು. ಕಂಟ್ರೋಲಿಗೆ ಓದಿ ಹೇಳಿದಳು. ಆ ಕಡೆಯಿಂದ ಉತ್ತರ ಬಂತು, "ಇನ್‌ಸ್ಪೆಕ್ಟರ್ ಬರ್ತಾರೆ. ಮೂವರ ಹೇಳಿಕೆ ಬೇಕು. ಯಾರೂ ಸ್ಟೇಷನ್ ಬಿಡಬೇಡಿ."

ಮೂರೂ ನಲವತ್ತಕ್ಕೆ ಜಗನ್ಮೋಹನ್ ಫೋನ್ ಮಾಡಿದ. "ಎಲ್ಲಿದೀರಿ ಮೇಡಂ? ಬೆಂಚಿನ ಮೇಲೆ ಕೂತು ಕೂತು ಸೊಂಟ ಹೋಯ್ತು."

ಅವಳು ನಡೆದದ್ದನ್ನು ಹೇಳಿದಳು.

"ಅಂದರೆ ಕೇಸ್ ಆಗುತ್ತಾ?"

"ಆಗುತ್ತೆ."

"ವಿಚಾರಣೆ ಬಾಕಿ ಇಲ್ಲ ಅಂತ ಫಾರ್ಮಲ್ಲಿ ಒಂದು ಕಾಲಂ ಇದೆ ಕದಾ ಮೇಡಂ."

"ಗೊತ್ತು."

"ನಮ್ಮಮ್ಮ ಇಲ್ಲಿ ಒಬ್ಬರೇ ಇದಾರೆ. ನಾನು ಕಾಯೋಕಾಗಲ್ಲ. ಏನೂ ಅಂದುಕೋಬೇಡಿ. ಭಾನುಪ್ರಕಾಶ್ ಇಲ್ಲೇ ಟೀ ಅಂಗಡಿ ಹತ್ತಿರ ಇದಾನೆ."

"ಕರೀರಿ ಅವನನ್ನ," ಎಂದಳು.

ಇನ್‌ಸ್ಪೆಕ್ಟರ್ ಬಂದದ್ದು ಐದಕ್ಕೆ. ಅಷ್ಟರವರೆಗೂ ಅವಳು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದಳು. ರಾಮಮೋಹನ್ ಸಹಿ ಹಾಕಿ ಕುರ್ಚಿಯಲ್ಲಿ ಕೂತಿದ್ದ, ಅವಳತ್ತ ನೋಡುತ್ತಿರಲಿಲ್ಲ. ಡ್ಯೂಟಿ ಮುಗಿದಿತ್ತು, ಹೋಗುವಂತಿರಲಿಲ್ಲ. ಗುರುದತ್ ಫೋನ್ ಮಾಡಿದ.

"ಆತೇನು ಸಹಿ?"

"ಇಲ್ಲ."

"ಯಾಕ? ಆಂವ ಬರ್ಲಿಲ್ಲೇನು?"

"ಬಂದಿದ್ದ. ನಾ ಹೋಗ್ಲಿಲ್ಲ. ಮಧುರವಾಡದ ಮನಿ ಮಾಲಕ್ರಿಗೆ ಹೇಳಿಬಿಡು, ಕೀಲಿ ಬ್ಯಾಡಂತ."

ವಿಚಾರಣೆ ನಾಲ್ಕು ತಿಂಗಳು ನಡೆಯಿತು. ಎಕ್ಸ್‌ಪ್ರೆಸ್ಸಿಗೆ ಹೋದದ್ದು ನಲವತ್ತು ನಿಮಿಷ, ಅದರ ಹಿಂದಿದ್ದ ಕಲ್ಲಿದ್ದಲ ಗಾಡಿಗೆ ಐವತ್ತೈದು. ಮಣಿಕಂಠನಿಗೆ ಹೋದದ್ದು ಇಪ್ಪತ್ತಾರು ವರ್ಷದ ಕೆಲಸ. ಚಿತ್ರಾಗೆ ಕೈತಪ್ಪಿದ್ದು ಒಂದು ವರ್ಗಾವಣೆ, ಮಧುರವಾಡದಲ್ಲಿ ನೋಡಿಟ್ಟಿದ್ದ ಎರಡು ಕೋಣೆಯ ಮನೆ.