ಮೂರನೆಯ ಎಡೆ

"ನಿಂತ್ಕೋಬೇಡ, ಮಲ್ಕೋ ಅಂದ್ನಲ್ಲ," ಎಂದು ವೆಂಕಟಲಕ್ಷ್ಮಮ್ಮ ಮೂರನೆಯ ಸಲ ಹೇಳಿದಳು. ಏಣಿಯನ್ನು ಎರಡು ಕೈಯಲ್ಲೂ ಹಿಡಿದು, ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲು ಊರಿ ನಿಂತಿದ್ದಳು.

ಮಗ ಭೈರೇಶ್ ಗೊಣಗುತ್ತಲೇ ಸೆಂಟ್ರಿಂಗ್ ಹಲಗೆಯ ಮೇಲೆ ಬೋರಲು ಮಲಗಿದ. ಮನೆಯ ಮುಂದೆ ನಿಂತ ಶೂಟಿಂಗ್ ಕ್ಯಾರವಾನಿನ ಚಾವಣಿ ಫೈಬರಿನದು. ಕಾಲೂರಿ ನಿಂತರೆ ನಿಂತವನು ನೇರವಾಗಿ ಹೀರೋಯಿನ್ನಿನ ಮೇಕಪ್ ಕನ್ನಡಿಯ ಮುಂದೆ ಇಳಿಯುತ್ತಾನೆ. ಹಲಗೆ ಹಾಕಿ, ಸೊಂಟಕ್ಕೆ ಬಿಗಿದ ಹಗ್ಗವನ್ನು ಮನೆಯ ಬಾಲ್ಕನಿ ಕಂಬಿಗೆ ಕಟ್ಟಿ, ಹೊಟ್ಟೆಯ ಮೇಲೆ ಮಲಗಿ ಉದ್ದ ಕೋಲಿನ ಬ್ರಷ್ಷಿನಿಂದ ತೊಳೆಯುವುದೇ ಕ್ಷೇಮ. ಹಾಗೆ ಮಲಗಿದವನ ಮೂಗಿಗೂ ಕೊಳಕಿಗೂ ಒಂದೇ ಗೇಣಿನ ಅಂತರ ಎಂಬುದನ್ನು ಮಾತ್ರ ಕ್ಷೇಮದ ಪಾಠ ಹೇಳುವವರು ಯಾರೂ ಹೇಳುವುದಿಲ್ಲ.

ಕೊಳಕಿಗೇನೂ ಬರವಿರಲಿಲ್ಲ. ಪಾರಿವಾಳದ ಹಿಕ್ಕೆ ಪದರ ಪದರವಾಗಿ ಗಟ್ಟಿಯಾಗಿತ್ತು. ಯಾರೋ ಬಾಚಿ ಸುತ್ತಿ ಎಸೆದ ಕೂದಲುಂಡೆ ಬ್ರಷ್ಷಿಗೆ ತೊಡರಿಕೊಂಡಿತು. ಮೇಲಿನ ಮಹಡಿಯಿಂದ ಬಿದ್ದ ಡೈಪರೊಂದು ಮಳೆ ಕುಡಿದು ಊದಿ ಒಡೆದಿತ್ತು. ಹೆಗ್ಗನಹಳ್ಳಿಯ ಈ ಓಣಿಯವರಿಗೆ ಶೂಟಿಂಗ್ ಗಾಡಿ ಬಂದು ನಿಂತರೆ ಮುಂದೆ ನಿಂತು ಸೆಲ್ಫಿ ಬೇಕು, ಮೇಲೆ ತಿಪ್ಪೆ ಬೇಕು. ಭೈರೇಶ್ ಉಸಿರು ಬಿಗಿಹಿಡಿದು ಒಂದೊಂದನ್ನೇ ಬಕೆಟ್ಟಿಗೆ ಎಳೆದುಕೊಂಡ.

ಒಂದು ವಾರದಿಂದ ಗಾಡಿಯೊಳಗೆ ನಾತ. ನಾಗರಬಾವಿಯ ಶೂಟಿಂಗಿನಲ್ಲಿ ನಿನ್ನೆ ನಟಿ ಬಾಗಿಲು ತೆಗೆದವಳೇ ಬಾಯಿಗೆ ಕರವಸ್ತ್ರ ಒತ್ತಿ ಓಡಿ, ಮರದ ಬುಡದಲ್ಲಿ ವಾಂತಿ ಮಾಡಿಕೊಂಡಿದ್ದಳು. ಟಾಯ್ಲೆಟ್ ಟ್ಯಾಂಕು ತೊಳೆದದ್ದಾಯಿತು, ಬಾಟಲಿಗಟ್ಟಲೆ ಫಿನಾಯಿಲ್ ಸುರಿದದ್ದಾಯಿತು. ಏಸಿ ಹಾಕಿದರೆ ಸಾಕು, ನಾತ ಹಾಗೆಯೇ ಬರುತ್ತಿತ್ತು. ಬೆಳಿಗ್ಗೆ ಓನರ್ ಚಕ್ರಪಾಣಿ ಫೋನ್ ಮಾಡಿ, "ನಾಲ್ಕು ಗಂಟೆಗೆ ಬಂದು ಒಳಗೆ ಕೂತ್ಕೋತೀನಿ ಭೈರೇಶ್. ವಾಸನೆ ಇದ್ರೆ ಕೀ ಕೊಟ್ಬಿಡು. ನಾಳೆಯ ಆಯುಧಪೂಜೇನ ಬೇರೆ ಡ್ರೈವರ್ ಕೈಲಿ ಮಾಡಿಸ್ತೀನಿ," ಎಂದಿದ್ದರು. ಒಂಬತ್ತು ವರ್ಷ ಓಡಿಸಿದ ಗಾಡಿ. ಉಳಿದದ್ದು ಚಾವಣಿಯೊಂದೇ.

ಭೈರೇಶ್ ತೆವಳುತ್ತ ಏಸಿ ಪೆಟ್ಟಿಗೆಯ ಹತ್ತಿರ ಹೋದ. ಅದರ ಹಿಂದಿನ ಸಂದಿಗೆ ಇಣುಕಿದವನೇ ಮುಖ ಹೊರಳಿಸಿ ಓಕರಿಸಿದ.

ಕಪ್ಪಗೆ ಕೊಳೆತ ಬಾಳೆಎಲೆ. ಅದರ ಮೇಲೆ ಮುದ್ದೆಯೋ ಅನ್ನವೋ ತಿಳಿಯದ ಬೂದಿ ಬಣ್ಣದ ಲೋಳೆ, ಒಡೆದ ಮೊಟ್ಟೆ, ಕುರಿಯ ಈಲಿಯ ತುಂಡುಗಳು. ಎಲ್ಲದರಲ್ಲೂ ಬಿಳಿ ಹುಳ ಮಿಜಿಗುಟ್ಟುತ್ತಿತ್ತು. ರಸ ಮಳೆನೀರಿನ ಜೊತೆ ಹರಿದು ಏಸಿಯ ಬಾಯಿಗೇ ಇಳಿದಿತ್ತು. ಪಿತೃಪಕ್ಷದ ಅಮಾವಾಸ್ಯೆಗೆ ಸತ್ತ ಹಿರಿಯರಿಗೆಂದು ಕಾಗೆಗೆ ಇಡುವ ಎಡೆ ಅದು.

"ಯಾವ್ ಲೋಫರ್ ನನ್ಮಕ್ಳು," ಎಂದು ಭೈರೇಶ್ ಉಗಿದ. "ಎಡೆ ಹಾಕೋಕೆ ನನ್ ಗಾಡೀನೇ ಬೇಕಿತ್ತಾ? ಇವರ ಹಿರೀಕರ ಬಾಯಿಗೆ ಮಣ್ ಹಾಕ."

ಕೆಳಗೆ ಏಣಿ ಸಣ್ಣಗೆ ಅಲುಗಿತು.

ಎಲೆಯ ಪಕ್ಕದಲ್ಲಿ ಸ್ಟೀಲಿನ ಲೋಟವೊಂದು ಉರುಳಿತ್ತು. ಅಂಟಿದ್ದ ಲೋಳೆಯನ್ನು ಹೆಬ್ಬೆರಳಿನಿಂದ ಒರೆಸಿದ. ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ ಕಾಣಿಸಿತು: ತಿಮ್ಮಯ್ಯ.

ಅಪ್ಪ ಸತ್ತು ಮೂರು ವರ್ಷವಾಗಿತ್ತು. ಉಪ್ಪು ಹೆಚ್ಚಾದರೆ ತಟ್ಟೆಯನ್ನು ಗೋಡೆಗೆ, ಕಡಿಮೆಯಾದರೆ ಅಮ್ಮನ ಮೇಲೆ ಎಸೆಯುತ್ತಿದ್ದ ಮನುಷ್ಯ. ಅಮ್ಮ ತಪ್ಪಿಸಿಕೊಳ್ಳುತ್ತಿರಲಿಲ್ಲ, ಕಣ್ಣು ಮುಚ್ಚಿ ಮುಖ ಒಂದು ಪಕ್ಕಕ್ಕೆ ತಿರುಗಿಸಿ ನಿಲ್ಲುತ್ತಿದ್ದಳು. ಗೋಡೆಯಿಂದ ಸಾರು ಇಳಿಯುವುದನ್ನು ನೋಡುತ್ತಲೇ ಉಂಡು ಬೆಳೆದವನು ಭೈರೇಶ್. ತಾತನಿಗೊಂದು ಅಜ್ಜಿಗೊಂದು, ಎರಡೇ ಎಡೆ, ಆ ಮನುಷ್ಯನಿಗೆ ನನ್ನ ಮನೆಯಲ್ಲಿ ಎಡೆಯಿಲ್ಲ ಎಂದು ಅವನು ಮೂರು ವರ್ಷದಿಂದ ಕಟ್ಟಪ್ಪಣೆ ಮಾಡಿದ್ದ. ಈಗ ನೋಡಿದರೆ ಎಂಟು ದಿನ ಅದೇ ಅಪ್ಪನನ್ನು ತಲೆಯ ಮೇಲೆ ಹೊತ್ತು ಊರೆಲ್ಲ ಗಾಡಿ ಓಡಿಸಿದ್ದ.

"ಅಮ್ಮ, ಇದು ಅವನ ಲೋಟ."

ಕೆಳಗಿನಿಂದ ವೆಂಕಟಲಕ್ಷ್ಮಮ್ಮನ ದನಿ ಬಂತು: "ಮನೇಲಿ ಎರಡೇ ಹಾಕಿದ್ದು. ನಿನ್ ಮಾತು ಮೀರ್ಲಿಲ್ಲ. ಬಾಲ್ಕನಿಯಿಂದ ಕೈ ಚಾಚಿ ಅಲ್ಲಿಟ್ಟೆ. ಬೆಳಿಗ್ಗೆ ಎದ್ದು ನೋಡಿದ್ರೆ ನೀನು ಗಾಡಿ ತಗೊಂಡು ಹೋಗ್ಬಿಟ್ಟಿದ್ದೆ."

"ಇದ್ರಿಂದ ನನ್ ಕೆಲ್ಸ ಹೋಗ್ತಿತ್ತಮ್ಮ. ಗೊತ್ತಾ ನಿಂಗೆ?"

"ಗೊತ್ತಿರ್ಲಿಲ್ಲ ಕಣೋ." ಏಣಿಯ ಮೇಲಿನ ಹಿಡಿತ ಬಿಗಿಯಾಯಿತು. "ಕಾಗೆ ಮುಟ್ಟಿತ್ತಾ?"

ಕಾಗೆ ಮುಟ್ಟಿದರೆ ಸತ್ತವರು ತೃಪ್ತಿಯಿಂದ ಉಂಡರೆಂದು ಅರ್ಥ. ಎಡೆ ಸಂದಿಗೆ ಜಾರಿತ್ತು, ಅಲ್ಲಿಗೆ ಕಾಗೆಯ ಕೊಕ್ಕು ನಿಲುಕುವಂತಿರಲಿಲ್ಲ. ಅದನ್ನು ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ.

"ಮುಟ್ಟಿಲ್ಲ. ಇಟ್ಟಿದ್ದು ಹಾಗೇ ಇದೆ. ಹುಳ ತಿಂತಾ ಇದೆ." ಹೇಳುವಾಗ ಅವನಿಗೆ ಖುಷಿಯೇ ಆಯಿತು.

"ಉಪ್ಪು ಕಮ್ಮಿಯಾಗಿತ್ತೇನೋ," ಎಂದಳು ವೆಂಕಟಲಕ್ಷ್ಮಮ್ಮ. "ಎಡೆಗೆ ಮಾಡಿದ್ದು ನೋಡು, ರುಚಿ ನೋಡೋ ಹಂಗಿರ್ಲಿಲ್ಲ."

ರಾತ್ರಿ ಅಪ್ಪ ಗೇಟು ತೆಗೆದ ಸದ್ದಾದ ಕೂಡಲೇ ಅಡುಗೆಮನೆಯಿಂದ ಕೇಳಿಬರುತ್ತಿದ್ದ ದನಿ ಅದು. ಮೂರು ವರ್ಷದಲ್ಲಿ ಭೈರೇಶ್ ಅದನ್ನು ಮರೆತಿದ್ದ. ಕೊಳೆತ ಈಲಿ ಕಂಡಾಗಲೂ ಆಗದಷ್ಟು ಹೇಸಿಗೆ ಈಗ ಆಯಿತು. ಅಪ್ಪನ ಮೇಲೆ, ಈಗತಾನೆ ಖುಷಿಪಟ್ಟ ತನ್ನ ಮೇಲೆ. ಎಲೆಯನ್ನೂ ಹುಳುಗಳನ್ನೂ ಕೈಯಿಂದಲೇ ಬಾಚಿ ಬಕೆಟ್ಟಿಗೆ ಹಾಕಿದ. ಮೋರಿಗೆ ಎಸೆಯಬೇಕೆಂದುಕೊಂಡಿದ್ದ ಲೋಟವನ್ನು ಹಲಗೆಯ ತುದಿಯಲ್ಲಿ ಇಟ್ಟ.

"ಉಪ್ಪು ಸರಿಯಾಗಿತ್ತು," ಎಂದ.

"ನಿಂಗೇನ್ ಗೊತ್ತು?"

"ಅವತ್ತು ನಾನೂ ಅದನ್ನೇ ಅಲ್ವಾ ತಿಂದಿದ್ದು? ಎರಡ್ ಸಲ ಹಾಕಿಸ್ಕೊಂಡೆ."

ಭೈರೇಶ್ ಸೋಪಿನ ನೀರು ಸುರಿದು ಬ್ರಷ್ ಆಡಿಸಿದ. ಕಂದು ನೀರು ಚಾವಣಿಯ ಅಂಚಿಗೆ ಹರಿದು ಕೆಳಗೆ ಇಳಿಯತೊಡಗಿತು.

"ಆ ಕಡೆ ಹೋಗಮ್ಮ, ಮೈಮೇಲೆ ಬೀಳುತ್ತೆ."

"ಬಿಟ್ರೆ ಏಣಿ ಜಾರುತ್ತೆ. ನೀನ್ ತೊಳಿ."

ಅವನು ಅಂಚಿನಿಂದ ಬಗ್ಗಿ ನೋಡಿದ. ಗಲೀಜು ನೀರು ಅವಳ ಹೆಗಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಏಣಿ ಬಿಡದೆ, ಕಣ್ಣು ಮುಚ್ಚಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ ನಿಂತಿದ್ದಳು.

ಭೈರೇಶ್ ಬ್ರಷ್ಷನ್ನು ತಿರುಗಿಸಿ, ಕೈ ನಿಲುಕುವಷ್ಟು ನೀರನ್ನೆಲ್ಲ ಆಚೆ ಬದಿಗೆ ದಬ್ಬತೊಡಗಿದ.