ಬರೀ ನೀರಿನ ಜೊತೆ

ಕರುವಿನ ಮೂತಿಗೆ ನೊರೆ ಮೆತ್ತಿದೆ, ಕಂದು ಮೂತಿ, ಬಿಳಿ ನೊರೆ, ಕುಡಿ ಮಗಳೇ ಕುಡಿ, ನಿನಗೆ ಮಾತ್ರೆಯ ಹಂಗಿಲ್ಲ, ವೆರೀನಾ ಮಾತ್ರ ಹನ್ನೊಂದರ ತನಕ ಹಾಲು ಮುಟ್ಟುವ ಹಾಗಿಲ್ಲ, ಏಳಕ್ಕೆ ನುಂಗಿದ್ದಾಳೆ, ಬರೀ ನೀರಲ್ಲಿ, ವಿಸ್ಕಾನ್ಸಿನ್‌ನ ಈ ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದವಳು ನೀರು ಕುಡಿಯೋದೇ ಅಂತ ಗಂಡ ರೂಡಿಯ ನಗು — ಎಂಟಾಯಿತೇ, ಆಸ್ಪತ್ರೆ ತೆರೆಯುವುದು ಎಂಟಕ್ಕೆ, ಇವತ್ತು ರಿಪೋರ್ಟು ಹೇಳ್ತೀವಿ ಅಂದಿದ್ದಾರೆ, ಫೋನು ಗೋಡೆಗೆ ನೇತುಬಿದ್ದು ಸುಮ್ಮನಿದೆ, ಕೈ ತಾನಾಗಿ ಕುತ್ತಿಗೆಯ ಗೀರಿಗೆ ಹೋಗುತ್ತದೆ, ಮೂರು ವರ್ಷದ ಹಿಂದೆ ಕ್ಯಾನ್ಸರ್ ಗಡ್ಡೆಯ ಜೊತೆ ಇಡೀ ಥೈರಾಯ್ಡ್ ಗ್ರಂಥಿಯನ್ನೇ ತೆಗೆದು, ಇನ್ನು ಬದುಕಿರುವಷ್ಟು ದಿನ ದಿನಕ್ಕೊಂದು ಮಾತ್ರೆ ಅಂದರು, ಕಂದು ಮಾತ್ರೆ, ನಮ್ಮ ಹಸುಗಳದೇ ಬಣ್ಣ, ಅವಳು ಬಿಸಿ ಹಾಲಲ್ಲಿ ನುಂಗಿದಳು, ಹಾಲಲ್ಲಿ ಕೊಟ್ಟರೆ ಎಂಥ ಕಹಿಯೂ ಇಳಿಯುತ್ತೆ ಅಂತಿದ್ದಳಲ್ಲ ಅಮ್ಮ, ಆಮೇಲೆ ರಕ್ತದ ಲೆಕ್ಕ ತಪ್ಪಿತು, ಡೋಸು ಏರುತ್ತಾ ಕಂದು ಹೋಗಿ ನೀಲಿ, ನೀಲಿ ಹೋಗಿ ನೇರಳೆ, ಆದರೂ ಸಾಲದು, ಈ ಚಳಿಗಾಲದಲ್ಲಿ ರಕ್ತದಲ್ಲಿ ಕ್ಯಾನ್ಸರಿನ ಒಂದು ಸಣ್ಣ ಸುಳಿವು, ಡಾಕ್ಟರ ಮುಖ ಸಪ್ಪಗೆ, ಮತ್ತೆ ಬಂತೇ, ಅದು ಮತ್ತೆ ಬಂತೇ — ಆಗ ನರ್ಸ್ ಲೋರ್ನಾ ಬಾಗಿಲಲ್ಲಿ ನಿಂತು, ಅಮ್ಮಾ, ಮಾತ್ರೆ ಯಾವುದರ ಜೊತೆ ನುಂಗ್ತೀರಿ, ಹಾಲಲ್ಲಿ, ಎಷ್ಟು ಹಾಲು, ದೊಡ್ಡ ಲೋಟದ ತುಂಬಾ ಕಣಮ್ಮ, ಅಯ್ಯೋ ದೇವರೇ, ಹಾಲು ಅದನ್ನ ಹಿಡಿದಿಟ್ಟುಕೊಳ್ಳುತ್ತೆ, ಮೈಗೆ ಸೇರೋಕೇ ಬಿಡಲ್ಲ, ಸೇರಿದರೆ ತಾನೇ ಮಾತ್ರೆ ಕ್ಯಾನ್ಸರನ್ನ ಅದುಮಿಡೋದು, ಎಂಟು ವಾರ ನೀರಲ್ಲಿ ತಗೊಳ್ಳಿ, ಆಮೇಲೆ ನೋಡೋಣ — ಮನೆಗೆ ಬಂದು ಹೇಳಿದರೆ, ಮೆತ್ತಗೆ ಹೇಳೇ, ಹಸುಗಳ ಕಿವಿಗೆ ಬಿದ್ದರೆ ನೊಂದುಕೊಂಡಾವು, ರೂಡಿಗೆ ಯಾವಾಗಲೂ ತಮಾಷೆ, ಆದರೆ ಆ ದಿನದಿಂದ ನೀರಿನ ಲೋಟ ತುಂಬಿಡುವವನು ಅವನೇ — ಎಂಟು ವಾರ ಕಳೆದು ರಕ್ತ ಕೊಟ್ಟು, ಕುತ್ತಿಗೆಯ ಸ್ಕ್ಯಾನೂ ಮಾಡಿಸಿ ಬಂದಿದ್ದಾಳೆ, ಈಗ ಎದೆ ಡವಗುಟ್ಟುತ್ತದೆ, ವಾರದಿಂದ ಹೀಗೇ, ಭಯವಲ್ಲದೆ ಇನ್ನೇನು, ಫೋನು, ಫೋನು ಬಡಿದುಕೊಳ್ಳುತ್ತಿದೆ, ಹಲೋ, ಅಮ್ಮಾ ಲೋರ್ನಾ ನಾನು, ಕೂತಿದ್ದೀರಾ, ಇಲ್ಲಮ್ಮ ಕರು ಹಿಡಿದಿದ್ದೀನಿ ಬೇಗ ಹೇಳು, ಆ ಸುಳಿವು ಮಾಯ, ರಕ್ತದಲ್ಲಿ ಏನೂ ಇಲ್ಲ, ಕುತ್ತಿಗೆಯ ಚಿತ್ರವೂ ಸ್ವಚ್ಛ, ಏನೂ ಅಂದರೆ ಏನೂ ಇಲ್ಲ, ಈಗ ನೇರಳೆ ಮಾತ್ರೆ ಪೂರಾ ಮೈಗೆ ಹತ್ತಿ ಜಾಸ್ತಿಯಾಗಿದೆ, ಎದೆ ಹೊಡೆದುಕೊಳ್ಳೋದು ಅದಕ್ಕೇ, ನಾಳೆಯಿಂದ ಮತ್ತೆ ಕಂದು — ಕಂದು, ಭಯವಲ್ಲ, ಮಾತ್ರೆ, ಬರೀ ಮಾತ್ರೆ, ಓ ರೂಡಿ, ಅವನು ಓಡಿ ಬರುತ್ತಾನೆ, ಏನಂದ್ರು, ಏನಂದ್ರೇ, ಅವಳು ಅಳುತ್ತ ನಗುತ್ತಾಳೆ, ಅವನಿಗೆ ತಿಳಿದುಹೋಗುತ್ತದೆ, ಹಬ್ಬ ಮಾಡಬೇಕಲ್ಲೇ ಹಾಗಾದ್ರೆ, ಅಂತ ಲೋಟ ತುಂಬಿ ಹಿಡಿಯುತ್ತಾನೆ, ನೀರು, ನೀರನ್ನೇ, ಕಳ್ಳ, ಕರು ತಲೆಯೆತ್ತಿ ಅವಳ ಅಂಗೈ ನೆಕ್ಕುತ್ತದೆ, ಬೆಚ್ಚಗೆ, ಒರಟಾಗಿ, ಕಂದು ಮೂತಿ, ಬಿಳಿ ನೊರೆ — ಕಂದು —